ಹತ್ತು ಲಕ್ಷ ವರ್ಷವಾದರೂ ಇಲ್ಲ

ಬೆರ್ರಿಯೆಸಾ, ಸ್ಯಾನ್ ಹೋಸೆ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಕೆಂಪಮ್ಮನಿಗೆ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಇಲ್ಲಿ ನಾನೂ ಈಗ ವಿದ್ಯಾರ್ಥಿನಿ! ಮೊಮ್ಮಗಳು ಡೇಕೇರಿಗೆ ಹೋದ ಮೇಲೆ ನಾನು ಮಂಕಾಗಿ ಕೂರುವುದನ್ನು ನೋಡಲಾರದೆ ಮಗಳು ಲಾಸ್ಯಾ ನನ್ನನ್ನು ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದಳು. ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಚೀನಾದ ಹಿರಿಯರು. ಪಾಠ ಹೇಳುವವಳು ವಿಭಾ, ನಮ್ಮ ಮೈಸೂರಿನ ಹುಡುಗಿ.

ನನ್ನ ಪಕ್ಕದಲ್ಲಿ ಲಿಯಾಂಗ್ ಎಂಬವರು ಕೂರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ನಮ್ಮ ಯಜಮಾನರು ಹೋದದ್ದನ್ನು ನಾನೂ ಹೇಳಿಕೊಂಡಿದ್ದೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದರೂ ಮಾತು ಮುಗಿಯುತ್ತಿರಲಿಲ್ಲ. ಅವರು ಫ್ಲಾಸ್ಕಿನ ಬಿಸಿನೀರನ್ನು ನನಗೂ ಬಗ್ಗಿಸಿ ಕೊಡುತ್ತಿದ್ದರು. ನಾನು ಕೋಡುಬಳೆ ಒಯ್ಯುತ್ತಿದ್ದೆ.

ಆಗಸ್ಟಿನಲ್ಲಿ, ಖಡಾಖಂಡಿತವಾಗಿ ಇಲ್ಲ ಅನ್ನುವುದು ಹೇಗೆಂಬ ಪಾಠ ಬಂತು. ಚೀನಾದವರಿಗೆಲ್ಲ ಅದು ಬಲು ಕಷ್ಟ. ಮುಖಕ್ಕೆ ಹೊಡೆದಂತೆ ಇಲ್ಲ ಅನ್ನದೆ, ಸ್ವಲ್ಪ ಕಷ್ಟವಾಗಬಹುದು ಅನ್ನುತ್ತಾರಂತೆ. ನಾವು 'ನೋಡೋಣ ಬಿಡಿ' ಅನ್ನುವುದಿಲ್ಲವೇ, ಹಾಗೆ. 'ಓವರ್ ಮೈ ಡೆಡ್ ಬಾಡಿ' ಅಂದರೆ ನನ್ನ ಹೆಣ ಬಿದ್ದ ಮೇಲೇ ಎಂದು ತಿಳಿದಾಗ ಅಜ್ಜಿಯರು ಗಾಬರಿಯಾದರು. ವಿಭಾ ನನ್ನ ಕಿವಿಯಲ್ಲಿ, “ಆಂಟಿ, ನಾವು ಜಪ್ಪಯ್ಯ ಅಂದ್ರೂ ಇಲ್ಲ ಅಂತೀವಲ್ಲ, ಆ ಥರ” ಅಂದಳು.

ಆಮೇಲೆ ಜೋಡಿ ಅಭ್ಯಾಸ. ಹಾಳೆಯಲ್ಲಿದ್ದಂತೆ ಒಬ್ಬರು ಕೇಳಬೇಕು, ಇನ್ನೊಬ್ಬರು ನಿರಾಕರಿಸಬೇಕು. ಲಿಯಾಂಗ್ ನನ್ನ ಕಾರು ಕೇಳಿದರು, ಬೆಕ್ಕು ಕೇಳಿದರು. 'ನೋ ವೇ' ಅಂದೆ. ಕೊನೆಗೆ, “ಸಂಡೇ, ಪಾರ್ಕ್. ಯು ವಾಕ್ ವಿತ್ ಮಿ?” ಎಂದರು.

“ನಾಟ್ ಇನ್ ಎ ಮಿಲಿಯನ್ ಇಯರ್ಸ್” ಎಂದೆ, ಗಟ್ಟಿಯಾಗಿ. ಹತ್ತು ಲಕ್ಷ ವರ್ಷವಾದರೂ ಇಲ್ಲ ಅಂತ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅವರೂ ನಕ್ಕು, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಅಂದರು.

ಕಳೆದ ತಿಂಗಳು ಲಿಯಾಂಗ್ ಅವರ ಮಗನಿಗೆ ಸಿಯಾಟಲ್‌ನಲ್ಲಿ ಕೆಲಸವಾಗಿ ಮನೆಯವರೆಲ್ಲ ಹೊರಟುಹೋದರು. ಈಗ ಆ ಕುರ್ಚಿಯಲ್ಲಿ ಹೊಸಬರೊಬ್ಬರು ಕೂರುತ್ತಾರೆ. ಒಳ್ಳೆಯವರೇ.

ನಿನ್ನ ಮಧುಕರನಿಗೆ ಮಗಳು ಹುಟ್ಟಿದ್ದು ಕೇಳಿ ಜೀವಕ್ಕೆ ಹಿತವಾಯಿತು. ಬಾಣಂತಿ, ಕೂಸು ಇಬ್ಬರೂ ನೂರ್ಕಾಲ ತಣ್ಣಗಿರಲಿ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಮರಿತಾಯಮ್ಮ

ತಾ.ಕ.: ಲಾಸ್ಯಾಗೆ ಹೇಳಲಾರೆ, ನಿನಗೆ ಹೇಳುತ್ತೇನೆ. ಪಾರ್ಕಿನ ಪ್ರಶ್ನೆ ಹಾಳೆಯಲ್ಲಿ ಇರಲಿಲ್ಲ ಕಣೇ. ಅವರು ಹಾಳೆ ಮಡಿಸಿಟ್ಟು, ನನ್ನ ಮುಖ ನೋಡಿಕೊಂಡು ಕೇಳಿದ್ದರು. ನಾನೇ ಹಾಳೆ ನೋಡಿಕೊಂಡು ಉತ್ತರ ಹೇಳಿದೆ. ಈಗ ಭಾನುವಾರ ಬಂದರೆ ಆ ಪಾರ್ಕಿಗೆ ಒಬ್ಬಳೇ ಹೋಗಿ ಒಂದು ಸುತ್ತು ಹಾಕಿ ಬರುತ್ತೇನೆ.