ಕಲ್ಲು ಎತ್ತುವ ಮೊದಲು

ದಾಯಾದಿ ಸೊಹ್ಬತ್ ಖಾನನಿಗೆ, ಎದುರು ಬುರುಜಿನಿಂದ ಸಲಾಮು.

ಬಾರ್ಲಿ ಕೊಯ್ಲು ಮುಗಿಯಿತು. ನಮ್ಮ ಜಗಳ ತಡೆಯಲು ಪಂಚರು ನಡುವೆ ಇಟ್ಟ ಕಲ್ಲನ್ನು ಶುಕ್ರವಾರ ಎತ್ತುತ್ತಾರೆ. ಆಮೇಲೆ ಗುಂಡು ಹಾರಿಸಬಹುದು. ಪೇಶಾವರದ ಸರ್ಕಾರ ಡಾಂಬರು ರಸ್ತೆ ಬಿಟ್ಟು ಮೇಲೆ ಹತ್ತುವುದಿಲ್ಲ.

ನಿನ್ನೆ ನಿನ್ನ ಮಗ ಶೀನ್ ಗುಲ್ ಮಜ್ಜಿಗೆಗೆ ಬಂದಿದ್ದ.

"ಚಿಕ್ಕಪ್ಪಾ, ನನ್ನ ಪೇಟ ಹೆಂಗೈತೆ?" ಅಂದ.

"ಮದುಮಗನ ಹಂಗೆ ಕಾಣ್ತೀಯಲ್ಲೋ!" ಎಂದು ನನ್ನ ಹೆಂಡತಿ ನಕ್ಕಳು.

ನನಗೆ ನಗು ಬರಲಿಲ್ಲ. ಬರಿದಲೆಯ ಹುಡುಗನಿಗೆ ನಮ್ಮಲ್ಲಿ ಯಾರೂ ಗುರಿ ಇಡುವುದಿಲ್ಲ. ಪೇಟ ಕಟ್ಟಿದವನು ಗಂಡಸು. ನೀನು ಕೊಂದ ನನ್ನ ತಮ್ಮನಿಗೆ ಬದಲಾಗಿ ಇನ್ನು ಅವನ ಪ್ರಾಣವೂ ಆಗುತ್ತದೆ. ಪೇಟ ಕಟ್ಟಿಸಲು ಇನ್ನೊಂದು ವರ್ಷ ತಡೆಯಬಾರದಿತ್ತೇ?

ನೀನು ಒಯ್ದ ಕುಡುಗೋಲನ್ನು ಗುರುವಾರವೇ ಅವನ ಕೈಯಲ್ಲಿ ಕಳಿಸು; ಹೆಂಡತಿ ಅವನಿಗೆಂದು ಬೆಣ್ಣೆ ತೆಗೆದಿಟ್ಟಿದ್ದಾಳೆ. ಶುಕ್ರವಾರ ಅವನನ್ನು ಕಳಿಸಿದರೆ ಕುಡುಗೋಲನ್ನು ನಾನೇ ಹೊಲದಿಂದ ಎತ್ತಿಕೊಳ್ಳಬೇಕಾಗುತ್ತದೆ.

ನಿನ್ನ ಚಿಕ್ಕಪ್ಪನ ಮಗ,
ಮೀರ್ ಬಾಜ್