ಬೀಗದ ಕೈಗೆ ಅಕ್ಕ

ಮಾರ್ಚ್ ೧೮, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ನನ್ನ ಮೊಂಡಿ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಆದರೂ ಬರೆದಿದ್ದೇನೆ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಅಂಗಡಿಯ ಕೆಲಸವೇ ಕಾರಣ ಎನ್ನಬಹುದಿತ್ತು. ಈ ತಿಂಗಳು ಊರಿಗೆ ಊರೇ ದಪ್ಪಗಾದಂತಿದೆ, ಪ್ಯಾಂಟುಗಳ ಸೊಂಟ ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆದಿದೆ. ಆದರೆ ನಿಜವಾದ ಕಾರಣ ಅದಲ್ಲ. ನಾನು ಮುನಿಸಿಕೊಂಡಿದ್ದೆ. ನಿನಗೆ ಗೊತ್ತೇ ಇಲ್ಲದ ಮುನಿಸನ್ನು ಒಬ್ಬಳೇ ಹದಿನೈದು ದಿನ ಸಾಕುವುದು ಸುಲಭದ ಕೆಲಸವಲ್ಲ.

ಮೊದಲು ಸಮಾಚಾರ. ನಿನ್ನ ಬಾಲ್ಕನಿಯ ಗಿಡಗಳು ಬದುಕಿವೆ. ಮೂಲೆಯದೊಂದು ಸತ್ತಿದೆ, ಅದು ನೀನು ಹೊರಡುವ ಮೊದಲೇ ಸತ್ತಿತ್ತು ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಅಲ್ಲಿಯ ಹೊಸ ಲ್ಯಾಬಿನವರಿಗೆ ಹಲ್ಲಿನ ಸೆಟ್ ಮಾಡುವುದು ಕಲಿಸಿ ಮುಗಿಯಿತೇ? ಬೇರೆಯವರ ಬಾಯಿಗೆ ಹಲ್ಲು ಕೂರಿಸುವ ಭರದಲ್ಲಿ ನಿನ್ನ ಊಟ ಮರೆಯಬೇಡ.

ಈಗ ಮುನಿಸಿನ ವಿಷಯ. ಗಿಡಕ್ಕೆ ನೀರು ಹಾಕಲು ನಿನ್ನ ಮನೆಗೆ ಹೋದ ಮೊದಲ ದಿನ, ಚಹಾ ಮಾಡಿಕೊಳ್ಳೋಣವೆಂದು ಸಕ್ಕರೆಗಾಗಿ ನಿನ್ನ ಅಡುಗೆಮನೆಯ ಕಪಾಟು ತೆಗೆದೆ. ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿದ್ದೀಯ. ನಿನ್ನ ಆಪ್ತ ಸಲಹೆಗಾರ್ತಿ ಬರೆಸಿದ್ದೆಂದು ನೋಡುತ್ತಲೇ ತಿಳಿಯಿತು. ‘ಕಷ್ಟದ ದಿನಕ್ಕೆ ನನ್ನವರು’ ಎಂಬ ತಲೆಬರಹ ನಿನಗೆ ತಾನಾಗಿ ಹೊಳೆಯುವಂಥದ್ದಲ್ಲ. ಅದರ ಕೆಳಗೆ:

ಏಳಲಾಗದ ಬೆಳಿಗ್ಗೆಗೆ: ಎದುರುಮನೆಯವರು.
ಅಳು ಬಂದರೆ: ಲ್ಯಾಬಿನ ಗೆಳತಿ.
ಸುಮ್ಮನೆ ನಡೆಯಲು: ಗಣಿತದ ಮೇಷ್ಟ್ರು.
ಬೀಗದ ಕೈಗೆ: ಅಕ್ಕ.

ನಾನು ಚಹಾ ಮಾಡಿಕೊಳ್ಳದೆ ಮನೆಗೆ ಬಂದೆ.

ಅಮ್ಮ ಹೋದಾಗ ನಿನಗೆ ಒಂಬತ್ತು, ನನಗೆ ಹದಿನೇಳು. ನಾನು ಜಡೆ ಹಾಕುವಾಗ ನೀನು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಎಲ್ಲವನ್ನೂ ಹೇಳುತ್ತಿದ್ದೆ. ಶಾಲೆಯಲ್ಲಿ ಯಾರು ತಳ್ಳಿದರು, ಯಾಕೆ ಹೊಟ್ಟೆನೋವಿನ ನಾಟಕ ಆಡಿದೆ, ಯಾವಾಗ ಸುಮ್ಮಸುಮ್ಮನೆ ಎದೆ ಭಾರವಾಗುತ್ತದೆ, ಎಲ್ಲ. ಅದನ್ನು ಕೇಳುವ ಹಕ್ಕು ನನ್ನೊಬ್ಬಳದು ಎಂದುಕೊಂಡಿದ್ದೆ. ಈಗ ಅದನ್ನು ಮೂರು ಮನೆಗೆ ಹಂಚಿ, ನನ್ನನ್ನು ಕೀ ತೂಗುಹಾಕುವ ಮೊಳೆ ಮಾಡಿದ್ದೀಯ. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚುಮರೆ ಯಾಕೆ, ಚೆನ್ನಾಗಿಯೇ ಆಯಿತು.

ನಾನೇನು ಸುಮ್ಮನೆ ಕೂರುವವಳೇ? ನಿನ್ನವರನ್ನು ಒಬ್ಬೊಬ್ಬರನ್ನಾಗಿ ನೋಡಿ ಬಂದೆ. ಮೇಷ್ಟ್ರು ಪಾರ್ಕಿನಲ್ಲಿ ಸಿಕ್ಕಿದರು. ಒಂದು ಸುತ್ತು ಮುಗಿಯುವುದರೊಳಗೆ ಎರಡು ಸಲ ಬೆಂಚಿನ ಮೇಲೆ ಕುಳಿತರು. ಅವರ ಜೊತೆ ನಡೆಯುವುದೂ ಒಂದೇ, ಮನೆಯಲ್ಲಿ ನಿಂತುಕೊಂಡಿರುವುದೂ ಒಂದೇ. ಲ್ಯಾಬಿನ ಗೆಳತಿ ತಾನಾಗಿಯೇ ಅಂಗಡಿಗೆ ಬಂದಳು, ಅಂಗಿಯ ತೋಳು ಗಿಡ್ಡ ಮಾಡಿಸಲು. “ಅವಳು ಅತ್ರೆ ನಾನೇನೂ ಹೇಳಲ್ಲ ಅಕ್ಕಾ, ಪಕ್ಕದಲ್ಲಿ ಕೂತು ನನ್ನ ಕೆಲಸ ಮಾಡ್ತಾ ಇರ್ತೀನಿ” ಎಂದಳು. ನಾನಾಗಿದ್ದರೆ ಇಪ್ಪತ್ತು ಬುದ್ಧಿಮಾತು ಹೇಳಿರುತ್ತಿದ್ದೆ. ಅವಳ ಅಂಗಿಯನ್ನು ಬೇಕೆಂದೇ ಒಂದು ವಾರ ತಡಮಾಡಿ ಕೊಟ್ಟೆ.

ಕೊನೆಗೆ ನಿನ್ನ ಎದುರುಮನೆಯವರ ಕನ್ನಡಕದಂಗಡಿಗೆ ಹೋದೆ. ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂಬ ನೆಪಕ್ಕೆ ನಾನೇ ಅದನ್ನು ಸಡಿಲ ಮಾಡಿಕೊಂಡಿದ್ದೆ. ಆಕೆ ನನ್ನ ಮುಖ ನೋಡಿದವರೇ, “ನೀವು ಅಕ್ಕ ಅಲ್ವಾ? ಮೂಗು ಇಬ್ಬರದೂ ಒಂದೇ. ದಿನಾ ಮೂಗು ನೋಡೋದೇ ನನ್ನ ಕೆಲಸ” ಎಂದರು. ಕಳ್ಳತನಕ್ಕೆ ಬಂದವಳನ್ನು ಬಾಗಿಲಲ್ಲೇ ಹಿಡಿದಂತಾಯಿತು.

“ದಿನಾ ಅವಳಿಗೆ ಏನು ಉಪಚಾರ ಮಾಡ್ತೀರಿ?” ಎಂದು ಕೇಳಿದೆ. ನನ್ನ ದನಿಯಲ್ಲಿ ಹುಳಿ ಇತ್ತು.

“ಉಪಚಾರ ಎಂಥದ್ದು? ಏಳು ಗಂಟೆಗೆ ಅವಳು ಕಿಟಕಿ ಪರದೆ ಸರಿಸ್ತಾಳೆ. ಎಂಟಾದ್ರೂ ಸರಿಸಿಲ್ಲ ಅಂದ್ರೆ ನಾನು ಹೋಗಿ ಬೆಲ್ ಮಾಡ್ತೀನಿ. ಅಷ್ಟೇ ನಮ್ಮ ಒಪ್ಪಂದ. ಎಲ್ಲಾನೂ ಒಬ್ಬರ ಮೇಲೇ ಹಾಕಬಾರದು ಅಂತ ಅವಳಿಗೆ ಹೇಳಿಕೊಟ್ಟಿದ್ದಾರಂತೆ.”

“ನಾನು ಯಾವತ್ತಾದ್ರೂ ಭಾರ ಅಂದಿದೀನಾ?”

ಆಕೆ ಸ್ಕ್ರೂ ಬಿಗಿ ಮಾಡುತ್ತಲೇ ಹೇಳಿದರು. “ನೀವಂದ್ರೆ ಅವಳಿಗೆ ಜೀವ. ಹೋದ ವರ್ಷ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ ನೋಡಿ, ಅವತ್ತು ಬಾಗಿಲು ತಟ್ಟಿದ್ರೆ ಒಳಗಿಂದ ಒಂದೇ ಮಾತು: ‘ಅಕ್ಕನ ಹತ್ರ ಕೀ ಇದೆ, ಅಕ್ಕ ಬರ್ತಾಳೆ.’ ಒಂದು ಗಂಟೆ ಕಾದೆ. ಆಮೇಲೆ ಬಡಗಿಯನ್ನ ಕರೆಸಿ ಬೀಗ ಒಡೆಸಿದ್ದು. ಪಾಪ, ಅವಳು ಮಾಡಿದ ಫೋನು ನಿಮಗೆ ಕೇಳಿಸಿರಲಿಲ್ಲವಂತೆ.”

“ಹೌದು, ಹೊಲಿಗೆ ಮಷಿನ್ ಸದ್ದು. ತುಂಬಾ ಸದ್ದು ಅದು. ಹಳೇ ಮಷಿನ್” ಎಂದೆ. ಆಕೆ ನನ್ನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. ಕನ್ನಡಕ ಒರೆಸಿ ಕೈಗಿಟ್ಟರು. ಒಳ್ಳೆಯ ಹೆಂಗಸು ಕಣೇ. ಅದೇ ನನಗೆ ಸಹಿಸಲಾಗದ್ದು. ಕೆಟ್ಟವರಾಗಿದ್ದರೆ ನಿನ್ನ ಹತ್ತಿರ ಚಾಡಿಯಾದರೂ ಹೇಳಬಹುದಿತ್ತು.

ನಿನ್ನೆ ಮತ್ತೆ ಗಿಡಕ್ಕೆ ನೀರು ಹಾಕಿದೆ. ಕಪಾಟಿನ ಹಾಳೆಯಲ್ಲಿ ಕೆಳಗೆ ಎರಡು ಸಾಲಿನಷ್ಟು ಜಾಗ ಉಳಿದಿದೆ. ಪೆನ್ನು ತೆಗೆದೆ, ನಾನೇ ಏನಾದರೂ ಬರೆದುಬಿಡೋಣವೆಂದು. ಬರೆಯಲಿಲ್ಲ. ಅದು ನಿನ್ನ ಕೈಬರಹದಲ್ಲೇ ಬರಬೇಕು.

ಹೊತ್ತಿಗೆ ಸರಿಯಾಗಿ ನಿನಗೆ ಹಸಿವಾಗಲಿ, ದಿಂಬಿಗೆ ತಲೆ ಕೊಟ್ಟರೆ ನಿದ್ದೆ ಬರಲಿ, ಬೆಳಿಗ್ಗೆ ಪರದೆ ಸರಿಸುವಷ್ಟು ಬಲ ಕೈಯಲ್ಲಿರಲಿ. ನಿನ್ನವರ ಪಟ್ಟಿ ಇನ್ನೂ ಉದ್ದವಾಗಲಿ. ಇದೊಂದನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ, ಆದರೂ ಮನಸಾರೆ ಬರೆದಿದ್ದೇನೆ.

ನಿನ್ನ,
ಅಕ್ಕ

ಮರೆತಿದ್ದು: ಮರೆತಿದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಮಷಿನ್ ಓಡುತ್ತಿರಲಿಲ್ಲ. ನಾನು ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದೆ, ಫೋನು ಪಕ್ಕದಲ್ಲೇ ಇತ್ತು. ನಾಲ್ಕು ಸಲ ಬಂತು, ನಾಲ್ಕು ಸಲವೂ ನಿನ್ನ ಹೆಸರು ನೋಡಿದೆ. ಆ ತಿಂಗಳೆಲ್ಲ ದಿನವೂ ನಿನ್ನ ಅಳು ಕೇಳಿ ಕೇಳಿ ನನಗೆ ಸಾಕಾಗಿತ್ತು. ಇವತ್ತೊಂದು ದಿನ ನನ್ನನ್ನು ಬಿಟ್ಟುಬಿಡಲಿ ಎಂದುಕೊಂಡು ಫೋನನ್ನು ಬೋರಲು ಹಾಕಿದೆ. ಆಮೇಲೆ ಗುಂಡಿ ಹೊಲಿದು ಮುಗಿಸಿದೆ. ಭಾರ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಹೊಸ ಬೀಗ ಹಾಕಿಸಿದ ಮೇಲೆ ನೀನೇ ಅಂಗಡಿಗೆ ಬಂದು, ಒಂದು ಮಾತೂ ಕೇಳದೆ, ಅದರ ಕೀಯನ್ನೂ ನನ್ನ ಮುಂದಿಟ್ಟೆ. ಫೋನು ಎತ್ತದವಳಿಗೆ ಬಾಗಿಲು ತೆಗೆಯುವ ಕೆಲಸ ಕೊಟ್ಟಿದ್ದೀಯ. ನಿನಗೆ ಗೊತ್ತಿತ್ತು, ಅಲ್ಲವೇ? ವಾಪಸು ಬಂದ ದಿನ ಒಂದು ಸಲ ನನಗೆ ಫೋನು ಮಾಡು. ಏನೂ ಹೇಳುವುದು ಬೇಡ. ಎತ್ತುತ್ತೇನೋ ಇಲ್ಲವೋ, ಅಷ್ಟು ನೋಡು.