ಹಸಿದವು ಸಾಯಲಿಲ್ಲ

ಸೋಮವಾರ, 4. ಬೆಳಗ್ಗೆ 9.20

ಮೂರನೇ ಸಲವೂ ಎಲ್ಲ ಸತ್ತವು. ಐವತ್ತು ಡಿಗ್ರಿ ನೀರಿನಲ್ಲಿ ಹತ್ತೇ ನಿಮಿಷ. ಬದುಕಿದ್ದರೆ ಪ್ಲೇಟಿನ ಮೇಲೆ ಚುಕ್ಕೆಚುಕ್ಕೆಯಾಗಿ ಬೆಳೆಯಬೇಕಿತ್ತು; ಒಂದು ಚುಕ್ಕೆಯೂ ಇಲ್ಲ.

ಅಕ್ಕನ ಥೀಸಿಸ್‌ನಲ್ಲಿ ಇವೇ ಬ್ಯಾಕ್ಟೀರಿಯಾ ಬದುಕಿವೆ — ಬಿಸಿ ತಡೆಯುವ ಜೀನ್‌ಗಳನ್ನು ಎಬ್ಬಿಸುವ ಯಜಮಾನ ಜೀನನ್ನೇ ಕಿತ್ತುಹಾಕಿದ ಮೇಲೂ! ಗಿಳಿಯ ಕತ್ತು ಹಿಸುಕಿದರೂ ರಾಕ್ಷಸ ಸಾಯಲಿಲ್ಲ ಅಂದ ಹಾಗಾಯಿತು. ಆದರೆ ಅವಳು ಸುಳ್ಳಾಡುವವಳಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಅಕ್ಕ, ನನಗಿಂತ ನಾಲ್ಕು ವರ್ಷ ಸೀನಿಯರ್, ಪಿಪೆಟ್ ಹಿಡಿಯಲು ಕಲಿಸಿದವಳು. ಶುಕ್ರವಾರ ಅವಳ ಪಿಎಚ್‌ಡಿ ವೈವಾ.

ನನ್ನ ಕೈ ಇನ್ನೂ ಪಳಗಿಲ್ಲವಂತೆ. ಗೈಡ್ ಮೇಡಂ ತೀರ್ಪು.

ಬುಧವಾರ, 6

ನಿನ್ನೆ ಅಕ್ಕನೇ ಮಾಡಿ ತೋರಿಸಿದಳು. ಇವತ್ತು ನೋಡಿದರೆ ಪ್ಲೇಟ್ ತುಂಬ ಜೀವ. ಅದೇ ಬಾಟಲಿ, ಅದೇ ನೀರು, ಅದೇ ಗಡಿಯಾರ...

"ನಿನ್ನ ಮುಖ ಕಂಡ್ರೆ ಹೆದರಿ ಸಾಯ್ತಾವೆ ಕಣೇ" ಅಂದಳು.

ನಕ್ಕೆ. ತಲೆ ಮಾತ್ರ ಗಿರ್ರೆನ್ನುತ್ತಿದೆ. ಅವಳು ಹಿಂದಿನ ಸಂಜೆ ಬೆಳೆಯಲು ಇಟ್ಟು, ಮರುದಿನ ಮಧ್ಯಾಹ್ನ ತೆಗೆಯುತ್ತಾಳೆ. ಅಷ್ಟರಲ್ಲಿ ಟ್ಯೂಬಿನಲ್ಲಿ ಅನ್ನ ಮುಗಿದಿರುತ್ತದೆ. ನಾನು ಬೆಳಗ್ಗೆ ಇಟ್ಟು ಮಧ್ಯಾಹ್ನ ಎರಡಕ್ಕೆಲ್ಲ ತೆಗೆಯುತ್ತೇನೆ, ಹೊಟ್ಟೆ ತುಂಬಿದವನ್ನು. ಅದೇ ಇರಬಹುದೇ? ನಿನ್ನೆ ಸಂಜೆ ಅವಳು ಬೆಳೆಯಲು ಇಟ್ಟ ಟ್ಯೂಬೊಂದು ಉಳಿದಿತ್ತು; ಅದನ್ನೂ ನನ್ನ ಬೆಳಗಿನದನ್ನೂ ಒಟ್ಟಿಗೆ ಬಿಸಿನೀರಿಗಿಟ್ಟು, ಪ್ಲೇಟಿಗೆ ಹಾಕಿ ಬಂದೆ.

ಗುರುವಾರ, 7

ಉಂಡವು ಸತ್ತವು. ಹಸಿದವು ಬದುಕಿದವು. ಎರಡೂ ನನ್ನ ಕೈಯಲ್ಲೇ.

ಯಜಮಾನ ಜೀನ್ ಇಲ್ಲದಿದ್ದರೂ ಹಸಿವು ಬೇರೊಂದು ದಾರಿಯಿಂದ ಆ ಕಾವಲು ಜೀನ್‌ಗಳನ್ನು ಮೊದಲೇ ಎಬ್ಬಿಸಿರಬೇಕು. ಬಿಸಿ ಬರುವ ಹೊತ್ತಿಗೆ ಅವು ಸಿದ್ಧ. ಹಾಗಾದರೆ ಅಕ್ಕ ಕಂಡದ್ದು ನಿಜ, ಯಜಮಾನ ಜೀನ್ ಬೇಕೇ ಇಲ್ಲ ಎಂದು ಬರೆದದ್ದು ತಪ್ಪು. ಇಂಥ ನಿಜವನ್ನು ಎಲ್ಲಿ ಇಟ್ಟುಕೊಳ್ಳುವುದು? ಮೇಡಂಗೆ ಹೇಳಲೇ? ಸುಮ್ಮನಿರಲೇ? ನಾಲ್ಕು ವರ್ಷದ ದುಡಿಮೆ.

ಸಿಂಕಿನ ಹತ್ತಿರ ಅಕ್ಕನಿಗೇ ಹೇಳಿಬಿಟ್ಟೆ. ನಲ್ಲಿ ನಿಲ್ಲಿಸಲು ಮರೆತು ಕೇಳಿದಳು.

"ಇದನ್ನ ನಾಡಿದ್ದು ಹೇಳಬಾರದಿತ್ತೇನೇ?"

ಆಮೇಲೆ ನನ್ನ ಎರಡೂ ಪ್ಲೇಟ್ ಎತ್ತಿಕೊಂಡು ಹೋದಳು. ಬಿಸಾಕಲೋ, ನೋಡಲೋ... ಗೊತ್ತಿಲ್ಲ.

ಶುಕ್ರವಾರ, 8. 12.10, ಸೆಮಿನಾರ್ ಹಾಲ್ ಹೊರಗೆ

ಅಕ್ಕ ಅರ್ಧಕ್ಕೇ ಸ್ಲೈಡ್ ನಿಲ್ಲಿಸಿದಳು. ಪ್ಲೇಟ್ ಎರಡನ್ನೂ ಪರೀಕ್ಷಕರ ಮೇಜಿನ ಮೇಲಿಟ್ಟಳು. "ನಾನು ಬರೆದಿರೋದು ಹಸಿದವಕ್ಕೆ ಮಾತ್ರ ನಿಜ ಸರ್. ಅದನ್ನ ಕಂಡುಹಿಡಿದೋಳು ಅಲ್ಲಿ ಕೂತಿದಾಳೆ."

ಮೇಡಂ ನನ್ನ ಕಡೆ ತಿರುಗಲೇ ಇಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು, ಅಕ್ಕನನ್ನು ಬಿಟ್ಟು. ಇಪ್ಪತ್ತು ನಿಮಿಷವಾಯಿತು. ಒಳಗೆ ಯಾರೋ ನಕ್ಕರು — ಒಳ್ಳೆಯ ನಗುವೋ, ಬೇರೆಯದೋ. ನಾನು ಉಪಕಾರ ಮಾಡಿದೆನೋ, ಅವಳ ಅನ್ನಕ್ಕೆ ಕಲ್ಲು ಹಾಕಿದೆನೋ...

ಬಾಗಿಲು ತೆರೆಯಿತು. ಮೊದಲು ಅಕ್ಕ. ನನ್ನ ಕಡೆಗೇ ಬರುತ್ತಿದ್ದಾಳೆ, ಅವಳ ಮುಖ ನಗುತ್ತಿದೆ. "ಪಾಸಂತೆ, ಆದ್ರೆ ಆ ಅಧ್ಯಾಯ ತಿದ್ದಿ ಕೊಡ್ಬೇಕು, ನೀನೂ ಕೂತ್ಕೋ ಕಣೇ."